ಮೂಗಿರುವ ಪುಡಿ

ಕೇಳುಗರಿಗೆ ನಮಸ್ಕಾರ.

ನಿಮ್ಮ ಕೆಲಸ ಏನು ಅಂತ ಕೇಳಿದವರಿಗೆ ನಾನು ಹೇಳುವುದು ಒಂದೇ: ಪುಡಿಗೆ ವಾಸನೆ ಹಿಡಿಯಲು ಕಲಿಸುತ್ತೇನೆ. ನನ್ನ ವೃತ್ತಿಯೆಲ್ಲ ಇದರಲ್ಲೇ ಕಳೆಯಿತು. ಗ್ಯಾಸ್ ಸೋರಿದರೆ ಕೂಗುವ ಡಬ್ಬಿ ನೋಡಿರುತ್ತೀರಿ, ಅಲ್ವಾ? ಅಂಥ ಎಷ್ಟೋ ಡಬ್ಬಿಗಳಲ್ಲಿ ಇರುವುದು ತವರದ ಆಕ್ಸೈಡ್ ಎಂಬ ಬಿಳಿ ಪುಡಿ. ಪುಟ್ಟ ಹೀಟರ್ ಅದನ್ನು 300 ಡಿಗ್ರಿ ಆಸುಪಾಸಿನಲ್ಲಿ ಕಾಯಿಸುತ್ತಿರುತ್ತದೆ.

ಗಾಳಿಯ ಆಕ್ಸಿಜನ್ ಬಂದು ಪುಡಿಯ ಮೇಲೆ ಕೂರುತ್ತದೆ. ಸುಮ್ನೆ ಕೂರುವುದಿಲ್ಲ, ಪುಡಿಯ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಕರೆಂಟು ಹರಿಯುವುದು ಕಷ್ಟ. ಅಷ್ಟರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗ್ಯಾಸ್ ಬಂತು ಅನ್ನಿ. ಅದು ಆ ಆಕ್ಸಿಜನ್ನನ್ನು ಎಬ್ಬಿಸಿಕೊಂಡು ಹೋಗುತ್ತದೆ. ಎಲೆಕ್ಟ್ರಾನ್ ಪುಡಿಗೆ ವಾಪಸ್, ಕರೆಂಟು ಸಲೀಸು. ಆ ವ್ಯತ್ಯಾಸವನ್ನು ಅಳೆದರೆ ಆಯಿತು. 1962ರಲ್ಲೇ ಜಪಾನಿನವರು ಇದನ್ನು ತೋರಿಸಿದ್ದರು.

ಇಷ್ಟೆಲ್ಲ ನಡೆದದ್ದು ಎಲ್ಲಿ? ಮೇಲ್ಮೈಯಲ್ಲಿ. ಇದೊಂದನ್ನು ನೆನಪಿಡಿ, ಮಿಕ್ಕದ್ದು ಮರೆತರೂ ಬೇಜಾರಿಲ್ಲ.

ನ್ಯಾನೋ ಅಂದ ಕೂಡಲೇ ಕೆಲವರು ಮಾಯಾಮಂತ್ರ ಅನ್ನುವ ಹಾಗೆ ಮಾತಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಲೆಕ್ಕ ಮಾಡಿ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ತುಂಡಿಗೆ 6 ಚದರ ಸೆಂಟಿಮೀಟರ್ ಮೇಲ್ಮೈ. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಆ ತುಂಡನ್ನೇ 10 ನ್ಯಾನೋಮೀಟರ್ ತುಂಡುಗಳಾಗಿ ಕತ್ತರಿಸಿದರೆ 600 ಚದರ ಮೀಟರ್! ಹೆಚ್ಚುಕಡಿಮೆ ನಾಲ್ಕು ವಾಲಿಬಾಲ್ ಅಂಕಣ. ವಸ್ತು ಅದೇ, ತೂಕ ಅದೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. ತವರದ ಆಕ್ಸೈಡ್ ಪುಡಿ ಮಾಡಿ, ರಾತ್ರಿ ಕುಲುಮೆಯಲ್ಲಿಟ್ಟು ಹೋದೆ. 500 ಡಿಗ್ರಿ ಸಾಕಿತ್ತು. ಹಿಂದೆ ಬಳಸಿದವರು ಪಿಂಗಾಣಿ ಸುಡಲು 1,100ಕ್ಕೆ ಇಟ್ಟಿದ್ದರು. ನಾನು ನೋಡಲೇ ಇಲ್ಲ. ಬೆಳಿಗ್ಗೆ ಪುಡಿ ಬೆಳ್ಳಗೆ ಚೆನ್ನಾಗಿಯೇ ಕಂಡಿತು. ಕಾಳಿನ ಒಳರಚನೆಯನ್ನು ಕಾಗದದ ಮೇಲೆ ಗೆರೆಗಳಾಗಿ ತೋರಿಸುವ ಎಕ್ಸ್‌ರೇ ಪರೀಕ್ಷೆಗೆ ಕೊಟ್ಟೆ. ಅದರ ಗೆರೆಗಳು ಎಷ್ಟು ಚೂಪು, ಎಷ್ಟು ಎತ್ತರ ಅಂತೀರಿ! ನಮ್ಮ ಪ್ರಯೋಗಾಲಯದಲ್ಲಿ ಅಷ್ಟು ಅಂದದ ಗೆರೆ ಯಾರೂ ತಂದಿರಲಿಲ್ಲ. ಅದನ್ನು ಗೋಡೆಗೆ ಅಂಟಿಸಿದೆ.

ಸೆನ್ಸರ್ ಮಾಡಿ ಗ್ಯಾಸ್ ಬಿಟ್ಟೆ. ಮೀಟರ್ ಅಲ್ಲಾಡಲಿಲ್ಲ. ತಂತಿ ಬದಲಿಸಿದೆ, ಹೀಟರ್ ಬದಲಿಸಿದೆ. ಸಿಲಿಂಡರೇ ಖಾಲಿ ಇರಬೇಕು ಅಂತ ಅದನ್ನು ಕೊಟ್ಟವರ ಜೊತೆ ಜಗಳ ಆಡಿದೆ. ಒಂದು ತಿಂಗಳು ಹೋಯಿತು. ಕೊನೆಗೆ ನಮ್ಮ ಗುರುಗಳು ಗೋಡೆಯ ಕಾಗದ ನೋಡಿ ನಕ್ಕರು. ಕಾಳು ಸಣ್ಣದಿದ್ದರೆ ಗೆರೆ ಹರಡಿಕೊಂಡಿರುತ್ತದೆ. ಚೂಪಾಗಿದೆ ಅಂದರೆ ಕಾಳುಗಳು ಶಾಖಕ್ಕೆ ಅಂಟಿಕೊಂಡು ದಪ್ಪವಾಗಿವೆ ಅಂತ. ನಾನು ಗೋಡೆಗೆ ಅಂಟಿಸಿದ್ದು ನನ್ನ ತಪ್ಪನ್ನೇ! ತವರ ಇತ್ತು, ಆಕ್ಸಿಜನ್ ಇತ್ತು. ಮೇಲ್ಮೈ ಹೋಗಿತ್ತು.

ಎಷ್ಟು ಸಣ್ಣದಿರಬೇಕು ಅಂದರೆ, ಕ್ಯೂಶೂ ವಿಶ್ವವಿದ್ಯಾಲಯದ ಯಮಜೊಯೆ ಅವರ ತಂಡ 1991ರಲ್ಲಿ ತೋರಿಸಿದ ಹಾಗೆ ಕಾಳು 6 ನ್ಯಾನೋಮೀಟರ್‌ಗಿಂತ ಕಿರಿದಾದರೆ ಸೂಕ್ಷ್ಮತೆ ಏಕದಂ ಏರುತ್ತದೆ.

ಅಯ್ಯೋ, ಗಡಿಯಾರ ನೋಡಿಕೊಳ್ಳಲೇ ಇಲ್ಲ. ಇದು ಯಾವ ಗ್ಯಾಸ್ ಅಂತ ಗುರುತಿಸಲು ಪಲ್ಲಾಡಿಯಂ ಎಂಬ ಲೋಹ ಬೆರೆಸುವುದು, ತೇವ ಕೊಡುವ ಕಾಟ, ಕಾಯಿಸದೆಯೇ ಕೆಲಸ ಮಾಡುವ ಕಾರ್ಬನ್ ನಳಿಕೆಗಳು, ಇವೆಲ್ಲ ಹೇಳಬೇಕಿತ್ತು. ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಒಂದು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಆ ಡಬ್ಬಿಯ ಹತ್ತಿರ ಸಿಲಿಕೋನ್ ಇರುವ ಸ್ಪ್ರೇ, ಪಾಲಿಶ್ ಹೊಡೆಯಬೇಡಿ. ಅದರ ಆವಿ ಬಿಸಿ ಪುಡಿಯ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಮೂಗು ಮಾತ್ರ ಕಟ್ಟಿರುತ್ತದೆ. ಬದಲಿಸಬೇಕಾದ ದಿನಾಂಕವನ್ನು ಸಾಮಾನ್ಯವಾಗಿ ಡಬ್ಬಿಯ ಮೇಲೇ ಬರೆದಿರುತ್ತಾರೆ. ಇವತ್ತು ಒಮ್ಮೆ ತಿರುಗಿಸಿ ನೋಡಿ.

ನಮಸ್ಕಾರ.