ಫೋಟೋ ತೆಗೆಯುವ ಮೊದಲು ಜಗಲಿಯ ಮೇಲೆ ಕೂತುಕೊಳ್ಳಿ: ಜಪಾನಿನ ಗಾರ್ಡನ್‌ಗಳಲ್ಲಿ ಕ್ಯಾಮೆರಾ

[ದೃಶ್ಯ: ಮರದ ಜಗಲಿ. ಸಾಲಾಗಿ ಕೂತ ಜನರ ಬೆನ್ನು ಮಾತ್ರ ಕಾಣುತ್ತದೆ. ಎದುರಿಗೆ ಬಿಳಿ ಜಲ್ಲಿ, ಕಲ್ಲು.]

ನಮಸ್ಕಾರ. ಇದು ಕ್ಯೋಟೋದ ರ್ಯೋಆನ್‌ಜಿ ದೇವಸ್ಥಾನ. ಎದುರಿಗಿರುವುದು ಬಿಳಿ ಜಲ್ಲಿ, 15 ಕಲ್ಲು, ಕಲ್ಲಿನ ಬುಡದಲ್ಲಿ ಒಂದಿಷ್ಟು ಪಾಚಿ. ಅಷ್ಟೇ. ಗೋಡೆಯ ಒಳಗೆ ಮರವಿಲ್ಲ, ಹೂವಿಲ್ಲ, ನೀರಿಲ್ಲ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲ.

ಮೊದಲ ಸಲ ಬಂದಾಗ ನಾನು ನಿಂತುಕೊಂಡೇ ಫೋಟೋ ತೆಗೆದೆ. ಫೋನಿನ ವೈಡ್ ಲೆನ್ಸ್ ಹಾಕಿ, ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಬರುವ ಹಾಗೆ. ರಾತ್ರಿ ರೂಮಿನಲ್ಲಿ ನೋಡಿದರೆ ಕಲ್ಲುಗಳೆಲ್ಲ ಚಿಕ್ಕದಾಗಿ ಎಲ್ಲೋ ದೂರ ಹೋಗಿಬಿಟ್ಟಿದ್ದವು. ಗೋಡೆ ಬಿಲ್ಲಿನ ಹಾಗೆ ಬಾಗಿತ್ತು. ಮುಕ್ಕಾಲು ಫೋಟೋ ಬರೀ ಜಲ್ಲಿ. ನಾನು ಅಲ್ಲಿ ನೋಡಿದ್ದು ಇದನ್ನಲ್ಲ ಅಂತ ತುಂಬಾ ಬೇಜಾರಾಯಿತು.

ಮಾರನೇ ದಿನ ಮತ್ತೆ ಹೋದೆ. ಕೂತೆ. ಆಗ ಅರ್ಥವಾಯಿತು.

ಈ ಗಾರ್ಡನ್ ನಿಂತು ನೋಡುವವರಿಗೆ ಮಾಡಿದ್ದಲ್ಲ. ನೆಲದ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ ಮಾಡಿದ್ದು. ನಿಂತರೆ ಜಲ್ಲಿಯನ್ನು ಮೇಲಿನಿಂದ ನೋಡುತ್ತೀರಿ, ಅದು ಅಂಗಳದ ಹಾಗೆ ಕಾಣುತ್ತದೆ. ಕೂತರೆ ಅದೇ ಜಲ್ಲಿ ತೆಳುವಾದ ಪಟ್ಟಿಯಾಗುತ್ತದೆ, ಕಲ್ಲುಗಳು ಎದ್ದು ನಿಲ್ಲುತ್ತವೆ. ಒಂದು ಕಲ್ಲು ಇನ್ನೊಂದರ ಹಿಂದೆ ಅರ್ಧ ಮರೆಯಾಗುತ್ತದೆ.

[ದೃಶ್ಯ: ಒಂದೇ ಜಾಗದಿಂದ ತೆಗೆದ ಎರಡು ಫೋಟೋ. ಎಡಕ್ಕೆ ನಿಂತು ತೆಗೆದದ್ದು, ಬಲಕ್ಕೆ ಕೂತು ತೆಗೆದದ್ದು.]

ಇವತ್ತಿನ ವಿಡಿಯೋದಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಇದೇ. ಜಪಾನಿನ ಹಳೆಯ ಗಾರ್ಡನ್ ಮಾಡಿದವರು, ನೀವು ಎಲ್ಲಿಂದ ನೋಡಬೇಕು ಅನ್ನುವುದನ್ನೂ ಯೋಚಿಸಿಯೇ ಮಾಡಿದ್ದಾರೆ. ಆ ಜಾಗ ಹುಡುಕಿಕೊಂಡರೆ ಅರ್ಧ ಫೋಟೋ ಆದ ಹಾಗೆ.

ರ್ಯೋಆನ್‌ಜಿ ಬಗ್ಗೆ ಇನ್ನೊಂದು ಮಾತು. ಇಲ್ಲಿ 15 ಕಲ್ಲುಗಳಿವೆ, ಆದರೆ ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ಹಾಗಾಗಿ 15 ಕಲ್ಲನ್ನೂ ಒಂದೇ ಫ್ರೇಮಿಗೆ ತುಂಬುವ ಆಸೆ ಬಿಟ್ಟುಬಿಡಿ. ಕಲ್ಲುಗಳು 5 ಗುಂಪಾಗಿವೆ. ಒಂದು ಗುಂಪು ಆರಿಸಿಕೊಳ್ಳಿ, ಅದರ ಹಿಂದಿನ ಗೋಡೆಯನ್ನೂ ಸೇರಿಸಿಕೊಳ್ಳಿ. ಆ ಗೋಡೆಯ ಮಣ್ಣಿಗೆ ಎಣ್ಣೆ ಸೇರಿದೆ. ನೂರಾರು ವರ್ಷದಲ್ಲಿ ಎಣ್ಣೆ ಹೊರಗೆ ಜಿನುಗಿ ಕಂದು, ಕೆಂಪು, ಕಪ್ಪು ಕಲೆಗಳಾಗಿವೆ. ಜನ ಕಲ್ಲು ನೋಡುತ್ತಾರೆ, ಗೋಡೆ ಬಿಡುತ್ತಾರೆ. ನನಗಂತೂ ಗೋಡೆಯೇ ಜಾಸ್ತಿ ಇಷ್ಟ.

ಬೆಳಕಿನ ವಿಷಯಕ್ಕೆ ಬಂದರೆ, ಜಗಲಿಯಲ್ಲಿ ಕೂತಾಗ ನಿಮ್ಮ ಮುಖ ದಕ್ಷಿಣಕ್ಕಿರುತ್ತದೆ. ಅಂದರೆ ಬಿಸಿಲು ಎದುರಿನಿಂದ. ಚಳಿಗಾಲದಲ್ಲಿ ಸೂರ್ಯ ಕೆಳಗಿರುವುದರಿಂದ ಜಲ್ಲಿಯಲ್ಲಿ ಎಳೆದ ಗೆರೆಗಳ ನೆರಳು ನಮ್ಮ ಕಡೆ ಬೀಳುತ್ತದೆ, ಒಂದೊಂದು ಗೆರೆಯೂ ಕಾಣುತ್ತದೆ. ಬೇಸಿಗೆಯ ನಡುಮಧ್ಯಾಹ್ನ ಎಲ್ಲ ಚಪ್ಪಟೆ. ಇನ್ನೊಂದು ತೊಂದರೆ ಇದೆ. ಫ್ರೇಮಿನ ತುಂಬ ಬಿಳಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಶರ್, ಅಂದರೆ ಫೋಟೋಗೆ ಬರುವ ಬೆಳಕನ್ನು, ಸ್ವಲ್ಪ ಏರಿಸಿ. ಫೋನ್ ಆದರೆ ಜಲ್ಲಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ.

[ದೃಶ್ಯ: ಮಳೆ. ಪಾಚಿಯ ಮೇಲೆ ಬೀಳುವ ಹನಿಗಳು.]

ಈಗ ಪಾಚಿ. ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆದು ತೆಗೆಯುವುದೇ ಒಂದು ಕೆಲಸ, ಅಲ್ವಾ? ಕಾಲು ಜಾರುತ್ತದೆ ಅಂತ. ಕ್ಯೋಟೋದ ಸೈಹೋಜಿ ದೇವಸ್ಥಾನದಲ್ಲಿ ಅದೇ ಪಾಚಿಯ ಮೇಲೆ ಬಿದ್ದ ಎಲೆಗಳನ್ನು ಗುಡಿಸಿ ಕಾಪಾಡುತ್ತಾರೆ. ಸುಮಾರು 120 ಬಗೆಯ ಪಾಚಿ ಅಲ್ಲಿದೆ. ಮೊದಲೇ ಬುಕ್ ಮಾಡದೆ ಒಳಗೆ ಬಿಡುವುದಿಲ್ಲ, ಸುಮ್ನೆ ಗೇಟಿನ ಹತ್ತಿರ ಹೋಗಿ ವಾಪಸ್ ಬರಬೇಡಿ.

ಜೂನ್ ತಿಂಗಳು ಅಲ್ಲಿ ಮಳೆಗಾಲ. ಎಷ್ಟೋ ಜನ ಆಗ ಪ್ರವಾಸವೇ ಬೇಡ ಅನ್ನುತ್ತಾರೆ. ಗಾರ್ಡನ್ ಫೋಟೋಗೆ ಹೋಗುವವರಾದರೆ ಜೂನ್‌ನಲ್ಲೇ ಹೋಗಿ ಅನ್ನುತ್ತೇನೆ. ಮೋಡ ಇದ್ದರೆ ಗಾಢ ನೆರಳು ಇರುವುದಿಲ್ಲ, ಪಾಚಿ ನೀರು ಕುಡಿದು ಉಬ್ಬಿರುತ್ತದೆ, ಒದ್ದೆ ಕಲ್ಲು ತನ್ನ ನಿಜವಾದ ಬಣ್ಣ ತೋರಿಸುತ್ತದೆ. ಒಂದು ಪೋಲರೈಸರ್ ಫಿಲ್ಟರ್ ಇದ್ದರೆ ಒಳ್ಳೆಯದು. ಅದನ್ನು ತಿರುಗಿಸಿದರೆ ಒದ್ದೆ ಎಲೆಯ ಮೇಲಿನ ಬಿಳಿ ಹೊಳಪು ಹೋಗಿ ಹಸಿರು ಹೊರಗೆ ಬರುತ್ತದೆ. ಆದರೆ ಕೊಳದ ಹತ್ತಿರ ಜೋಪಾನ, ನೀರಿನಲ್ಲಿರುವ ಪ್ರತಿಬಿಂಬವನ್ನೂ ಅದು ಅಳಿಸಿಬಿಡುತ್ತದೆ. ಪಾಚಿಗೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಜಲ್ಲಿಗೆ ಮಾಡಿದ್ದಕ್ಕೆ ಸರಿ ಉಲ್ಟಾ.

[ದೃಶ್ಯ: ಬೇಲಿಯಂತೆ ಕತ್ತರಿಸಿದ ಗಿಡಗಳ ಸಾಲು, ಅದರಾಚೆ ಬೆಟ್ಟ.]

ಇದು ಕ್ಯೋಟೋದ ಉತ್ತರಕ್ಕಿರುವ ಎಂತ್ಸುಜಿ ದೇವಸ್ಥಾನ. ಆ ಬೆಟ್ಟದ ಹೆಸರು ಹಿಯೇ. ಬೆಟ್ಟ ಗಾರ್ಡನ್‌ನದಲ್ಲ, ಎಷ್ಟೋ ಕಿಲೋಮೀಟರ್ ದೂರದಲ್ಲಿದೆ. ಆದರೂ ಗಾರ್ಡನ್‌ನ ಭಾಗವೇ. ಇದಕ್ಕೆ ಜಪಾನಿ ಭಾಷೆಯಲ್ಲಿ ಶಕ್ಕೆಯ್ ಅನ್ನುತ್ತಾರೆ, ಅಂದರೆ ಕಡ ತಂದ ನೋಟ. ನಡುವೆ ಏನೇನಿದೆಯೋ ಅದನ್ನೆಲ್ಲ ಈ ಗಿಡದ ಬೇಲಿ ಮರೆ ಮಾಡುತ್ತದೆ. ಹಾಗಾಗಿ ಪಾಚಿ ಮುಗಿದ ಕೂಡಲೇ ಬೆಟ್ಟ ಶುರುವಾದ ಹಾಗೆ ಅನಿಸುತ್ತದೆ.

ಇಲ್ಲಿ ವೈಡ್ ಲೆನ್ಸ್ ಹಾಕಿದರೆ ಬೆಟ್ಟ ಸಣ್ಣ ದಿಣ್ಣೆಯಾಗುತ್ತದೆ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡದ್ದು ಫೋಟೋದಲ್ಲಿ ಯಾಕೆ ಇಲ್ಲ ಅಂದರೆ ಇದೇ ಕಾರಣ. ಜಗಲಿಯಲ್ಲಿ ಆದಷ್ಟು ಹಿಂದೆ ಸರಿದು, ಫೋನಿನಲ್ಲಿ 2 ಅಥವಾ 3 ಪಟ್ಟು ಜೂಮ್ ಇಡಿ. ಬೇಲಿ, ಮರದ ಕಾಂಡಗಳು, ಬೆಟ್ಟ ಮೂರೂ ಹತ್ತಿರ ಬರುತ್ತವೆ. ಮಂಜು ಕವಿದ ದಿನ ಬೆಟ್ಟವೇ ಇರುವುದಿಲ್ಲ, ಕಾಯಬೇಕು.

ಹಿಂದೆ ಸರಿಯುವುದರಿಂದ ಇನ್ನೊಂದು ಲಾಭವೂ ಇದೆ. ಕ್ಯೋಟೋದ ಓಹಾರಾ ಹಳ್ಳಿಯ ಹೋಸೆನ್‌ಇನ್ ದೇವಸ್ಥಾನಕ್ಕೆ ಹೋದರೆ ಕೋಣೆಯ ಒಳಗಡೆ, ಗೋಡೆಗೆ ಹತ್ತಿರವಾಗಿ ಕೂತುಕೊಳ್ಳಿ. ಕಂಬ, ಸೂರು, ಜಗಲಿಯ ಅಂಚು ಎಲ್ಲ ಸೇರಿ ಚೌಕಟ್ಟಾಗುತ್ತವೆ. ಅದರೊಳಗೆ ಸುಮಾರು 700 ವರ್ಷದ ಒಂದು ಪೈನ್ ಮರ. ಹೊರಗಿನ ಬೆಳಕಿಗೆ ಎಕ್ಸ್‌ಪೋಶರ್ ಇಟ್ಟರೆ ಕೋಣೆ ಪೂರ್ತಿ ಕಪ್ಪಾಗುತ್ತದೆ. ಆಗಲಿ ಬಿಡಿ. ಕೋಣೆಯನ್ನೂ ಬೆಳಗಿಸೋಣ ಅಂತ, ಕತ್ತಲು ಬೆಳಕು ಎರಡನ್ನೂ ತೋರಿಸುವ ಎಚ್‌ಡಿಆರ್ ಮೋಡ್ ಹಾಕಿದರೆ ಆ ಚೌಕಟ್ಟಿನ ಅಂದವೇ ಹೋಗುತ್ತದೆ.

ಎಲ್ಲ ಗಾರ್ಡನ್‌ಗಳೂ ಕೂತು ನೋಡುವಂಥವಲ್ಲ. ಕ್ಯೋಟೋದ ಕತ್ಸುರಾ ಅರಮನೆ, ಕನಜಾವಾದ ಕೆನ್ರೊಕು-ಎನ್, ಇವೆಲ್ಲ ನಡೆಯುತ್ತಾ ನೋಡುವಂಥವು. ಹಾಗಾದರೆ ಜಾಗ ಹುಡುಕುವುದು ಹೇಗೆ? ನೆಲ ನೋಡಿ. ಹೆಜ್ಜೆ ಇಡಲು ಹಾಸಿದ ಕಲ್ಲುಗಳು ಚಿಕ್ಕದಾಗಿ, ಒಂದೊಂದು ಒಂದೊಂದು ಥರ ಇರುತ್ತವೆ. ಬೀಳದಿರಲು ತಲೆ ತಗ್ಗಿಸಿಯೇ ನಡೆಯಬೇಕು. ಇದ್ದಕ್ಕಿದ್ದಂತೆ ಒಂದು ದೊಡ್ಡ, ಚಪ್ಪಟೆ ಕಲ್ಲು ಬರುತ್ತದೆ. ಎರಡೂ ಕಾಲಿಟ್ಟು ನಿಲ್ಲುತ್ತೀರಿ, ತಲೆ ಎತ್ತುತ್ತೀರಿ. ನೀವು ನೋಡಲಿ ಅಂತ ಅವರು ಬಚ್ಚಿಟ್ಟದ್ದು ಅಲ್ಲೇ ಎದುರಿಗಿರುತ್ತದೆ. ಇದು ತಿಳಿದ ಮೇಲೆ ನಾನು ನಡೆಯುವ ರೀತಿಯೇ ಬದಲಾಯಿತು. ಕತ್ಸುರಾದಲ್ಲಿ ಗೈಡ್ ಜೊತೆ ಗುಂಪಾಗಿಯೇ ಹೋಗಬೇಕು, ಹಿಂದೆ ಉಳಿಯುವಂತಿಲ್ಲ. ಅಲ್ಲಿ ಈ ದೊಡ್ಡ ಕಲ್ಲುಗಳನ್ನು ಮುಂಚೆಯೇ ಗಮನಿಸುತ್ತಿದ್ದರೆ ತುಂಬಾ ಉಪಯೋಗ.

ಕೆನ್ರೊಕು-ಎನ್‌ಗೆ ಚಳಿಗಾಲದಲ್ಲೂ ಹೋಗಬಹುದು. ನವೆಂಬರ್ 1ರಿಂದ ಅಲ್ಲಿ ಪೈನ್ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ, ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು ಅಂತ. ಹಗ್ಗಗಳು ಕೊಡೆ ಬಿಚ್ಚಿದ ಹಾಗೆ ಮೇಲಿನಿಂದ ಇಳಿಯುತ್ತವೆ.

ಶಿಮಾನೆ ಪ್ರಾಂತ್ಯದ ಅದಾಚಿ ಮ್ಯೂಸಿಯಂನಲ್ಲಿ ಗಾರ್ಡನ್ ಒಳಗೆ ಕಾಲಿಡುವಂತೆಯೇ ಇಲ್ಲ. ಹೆಚ್ಚಾಗಿ ಕಿಟಕಿಯಿಂದಲೇ ನೋಡಬೇಕು. ಗಾಜಿನಲ್ಲಿ ನಿಮ್ಮದೇ ಬಿಂಬ ಬರುತ್ತದೆ, ಲೆನ್ಸನ್ನು ಗಾಜಿಗೆ ಆದಷ್ಟು ಹತ್ತಿರ ಹಿಡಿಯಿರಿ. ಕಪ್ಪು ಅಂಗಿ ಹಾಕಿದ್ದರೆ ಇನ್ನೂ ಒಳ್ಳೆಯದು.

ಟ್ರೈಪಾಡ್ ಮನೆಯಲ್ಲೇ ಬಿಟ್ಟು ಹೋಗಿ, ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಬೇಗ ಬಿಚ್ಚಿ ಹಾಕುವಂಥ ಶೂ ಇರಲಿ. ಶಟರ್ ಸದ್ದು ಆಫ್ ಮಾಡಲು ಆಗುವುದಾದರೆ ಮಾಡಿ, ಪಕ್ಕದಲ್ಲಿ ಕೂತವರು ಆ ಮೌನಕ್ಕಾಗಿಯೇ ಬಂದಿರುತ್ತಾರೆ.

[ದೃಶ್ಯ: ಪುಟ್ಟ ನೋಟ್‌ಬುಕ್ಕಿನ ಒಂದು ಪುಟ.]

ಕೊನೆಗೆ ದೈಸೆನ್‌ಇನ್. ಕ್ಯೋಟೋದ ದೈತೊಕುಜಿ ದೇವಸ್ಥಾನದ ಆವರಣದೊಳಗಿದೆ. ಎತ್ತರದ ಕಲ್ಲುಗಳು ಬೆಟ್ಟ. ಅಲ್ಲಿಂದ ಬಿಳಿ ಜಲ್ಲಿಯ ಹೊಳೆ ಇಳಿಯುತ್ತದೆ. ಹೊಳೆಯಲ್ಲಿ ಥೇಟ್ ದೋಣಿಯಂಥ ಒಂದು ಕಲ್ಲು. ಜಗಲಿಯ ಉದ್ದಕ್ಕೂ ಹರಿದು ಕೊನೆಗೆ ಅದು ಸಮುದ್ರ ಸೇರುತ್ತದೆ. ಹನಿ ನೀರಿಲ್ಲ.

ಇಲ್ಲಿ ಫೋಟೋ ತೆಗೆಯುವಂತಿಲ್ಲ. ನಾನು ಫೋನ್ ಬ್ಯಾಗಿಗೆ ಹಾಕಿ ಒಂದು ಗಂಟೆ ಕೂತಿದ್ದೆ. ಹಾಗಾಗಿ ಈಗ ನಿಮ್ಮ ಮುಂದೆ ಇರುವುದು ಫೋಟೋ ಅಲ್ಲ, ಅಲ್ಲಿಂದ ಹೊರಗೆ ಬಂದ ಮೇಲೆ ನೆನಪಿನಿಂದ ನಾನು ಪೆನ್ಸಿಲಿನಲ್ಲಿ ಬರೆದುಕೊಂಡದ್ದು. ಬಲಗಡೆ ಇರುವುದೇ ಆ ದೋಣಿ.