ಸಾಹೇಬರ ಸವಾರಿ

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ಯಾವುದೇ ಸರಕಾರಿ ಕಚೇರಿಗೆ ಹೋಗಿ ಬಾಗಿಲಲ್ಲಿ ಕೂತ ಜವಾನರನ್ನು ಕೇಳಿ. 'ಸಾಹೇಬ್ ಮೀಟಿಂಗ್‌ಮಧ್ಯೇ ಆಹೇತ್' ಎನ್ನುತ್ತಾರೆ. ಇಲ್ಲಿ ಮರ್ಯಾದೆ ಇರುವುದು 'ಸಾಹೇಬ್'ನಲ್ಲಿ ಅಲ್ಲ, ಕೊನೆಯ 'ಆಹೇತ್'ನಲ್ಲಿ. 'ಆಹೇ' ಎಂದರೆ ಇದ್ದಾನೆ, 'ಆಹೇತ್' ಎಂದರೆ ಇದ್ದಾರೆ. ಕನ್ನಡದಲ್ಲಿ 'ಸಾಹೇಬರು' ಎಂದಾಗ ಆ 'ರು' ಪದಕ್ಕೇ ಅಂಟಿಕೊಂಡು ಅರ್ಧ ಕೆಲಸ ಮುಗಿಸುತ್ತದೆ. ಮರಾಠಿಯ ಸಾಹೇಬನಿಗೆ ಏಕವಚನ, ಬಹುವಚನ ಎರಡರಲ್ಲೂ ಒಂದೇ ರೂಪ. ಹಾಗಾಗಿ ಗೌರವವನ್ನು ಕ್ರಿಯಾಪದವೋ ವಿಭಕ್ತಿಯೋ ಹೊರಬೇಕು.

ಊರಿಂದ ಹೊಸದಾಗಿ ಬಂದವರು ಎಡವುವುದು ಇಲ್ಲೇ. 'ಸಾಹೇಬಾನೇ ಸಾಂಗಿತಲಂ' ಎಂದುಬಿಡುತ್ತಾರೆ. ಕೇಳಿದವರಿಗೆ ಅದು 'ಸಾಹೇಬ ಹೇಳಿದ' ಎಂದಂತೆ. ಹೇಳಬೇಕಾದದ್ದು 'ಸಾಹೇಬಾಂನೀ'. ಅವರಿಗೆ ಎನ್ನಲು 'ಸಾಹೇಬಾಂನಾ', ಅವರ ಸಹಿ ಎನ್ನಲು 'ಸಾಹೇಬಾಂಚೀ ಸಹೀ', ಅವರ ಬಳಿ ಎನ್ನಲು 'ಸಾಹೇಬಾಂಕಡೇ'. ನಡುವಿನ ಆ 'ಆಂ' ಒಂದನ್ನು ನಾಲಿಗೆಗೆ ಹತ್ತಿಸಿಕೊಂಡರೆ ಸಾಕು. ಎದುರಿಗೆ ನಿಂತು ಕರೆಯುವಾಗ ಮಾತ್ರ ಬರೀ 'ಸಾಹೇಬ್'.

ಅರಬ್ಬಿಯಲ್ಲಿ 'ಸಾಹಿಬ್' ಎಂದರೆ ಒಡನಾಡಿ. ಪ್ರವಾದಿಯವರ ಒಡನಾಡಿಗಳನ್ನು 'ಸಹಾಬಾ' ಎನ್ನುವುದು ಇದೇ ಮೂಲದಿಂದ. ಒಂದು ವಸ್ತುವನ್ನು ಉಳ್ಳವನು, ಒಡೆಯ ಎಂಬ ಅರ್ಥವೂ ಅರಬ್ಬಿಯಲ್ಲೇ ಇತ್ತು. ಈ ಎರಡು ಅರ್ಥಗಳು ಬೇರೆ ಬೇರೆ ದಾರಿ ಹಿಡಿದವು. ಸ್ವಾಹಿಲಿಯಲ್ಲಿ 'ಸಾಹಿಬು' ಇಂದಿಗೂ ಗೆಳೆಯ. ತುರ್ಕಿಯಲ್ಲಿ 'ಸಾಹಿಪ್' ಎಂದರೆ ಮಾಲೀಕ. ನಮ್ಮ ಕಡೆ ಬಂದದ್ದು ಪಾರಸಿಯ ಹೆಗಲೇರಿದ ಒಡೆಯ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ದಖ್ಖನಿನ ದರಬಾರಿನಲ್ಲಿ ಪಾರಸಿ ನೆಲೆಯೂರಿತು, ಅದರ ಪದಗಳು ಕನ್ನಡ, ಮರಾಠಿಗಳಿಗೆ ಇಳಿದವು.

ಶಿವಾಜಿಯ ಕಾಲದಲ್ಲಿ ಪಾರಸಿಯ ಆಡಳಿತ ಪದಗಳಿಗೆ ಸಂಸ್ಕೃತ ಪದ ಕೊಡಲೆಂದು 'ರಾಜ್ಯವ್ಯವಹಾರಕೋಶ'ವನ್ನೇ ಮಾಡಿಸಿದರು. ಆದರೂ ಶಿವಾಜಿಯ ತಾಯಿ ಜೀಜಾಬಾಯಿ ಮರಾಠಿಗರ ಬಾಯಲ್ಲಿ ಇಂದಿಗೂ 'ಮಾಸಾಹೇಬ'. ಕಚೇರಿಯ ಪದವನ್ನು ಆಜ್ಞೆ ಹೊರಡಿಸಿ ಬದಲಿಸಬಹುದು. ಮನೆಯೊಳಗೆ ಹೊಕ್ಕ ಪದವನ್ನು ಕದಲಿಸುವುದು ಕಷ್ಟ.

ಮನೆಯೊಳಗೆ ಅದು ಹೊಕ್ಕದ್ದು ಸಂಬಂಧವಾಚಕಗಳ ಬೆನ್ನು ಹತ್ತಿ. ನಾನಾ, ದಾದಾ, ಬಾಬಾ, ಭಾವೂ, ಅಣ್ಣಾ, ಅಪ್ಪಾ ಎಂದು ಮನೆಮಂದಿ ಕರೆಯುವ ಹೆಸರಿಗೆ 'ಸಾಹೇಬ' ಸೇರಿದರೆ ಊರೆಲ್ಲ ಕರೆಯುವ ಹೆಸರಾಗುತ್ತದೆ. ಶನಿವಾರವಾಡೆಯ ಬಾಳಾಜಿ ಬಾಜೀರಾವ್ ನಾನಾಸಾಹೇಬ ಪೇಶ್ವೆ, ಧುಂಡಿರಾಜ ಗೋವಿಂದ ಫಾಳ್ಕೆ ದಾದಾಸಾಹೇಬ, ಅಂಬೇಡ್ಕರ್ ಬಾಬಾಸಾಹೇಬ. ಇವು ಸರಕಾರ ಕೊಟ್ಟ ಬಿರುದುಗಳಲ್ಲ. ಬ್ರಿಟಿಷರು ಸನದು ಸಮೇತ ಕೊಟ್ಟ ರಾವ್‌ಸಾಹೇಬ, ಖಾನ್‌ಸಾಹೇಬಗಳ ಲೆಕ್ಕವೇ ಬೇರೆ. ಜನರೇ ಕರೆದ ಹೆಸರುಗಳಲ್ಲಿ ನಮಗೆ ಹತ್ತಿರದ್ದು ಅಣ್ಣಾಸಾಹೇಬ ಕಿರ್ಲೋಸ್ಕರ. ಹುಟ್ಟಿದ್ದು 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯ ರಂಗಕ್ಕೆ 'ಶಾಕುಂತಲ' ತಂದು ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದವರು. ಆ ಹೆಸರಿನಲ್ಲಿ 'ಅಣ್ಣ' ನಮ್ಮದು, 'ಸಾಹೇಬ' ಅರಬ್ಬರದು, ಎರಡನ್ನೂ ಹೊಲಿದದ್ದು ಮರಾಠಿ.

ಅಡ್ಡಹೆಸರಿಗೆ ಹತ್ತಿದಾಗ, ಉದಾಹರಣೆಗೆ 'ಪಾಟೀಲ್‌ಸಾಹೇಬ', ಸಲಿಗೆ ಕಡಿಮೆ, ಅಧಿಕಾರದ ವಾಸನೆ ಹೆಚ್ಚು. ಹೆಂಗಸರಿಗೂ ಮರಾಠಿಯಲ್ಲಿ ಇದೇ ರೂಪ: ಆಯೀಸಾಹೇಬ, ವಹಿನೀಸಾಹೇಬ, ಬಾಯಿಸಾಹೇಬ. ಉರ್ದುವಿನ ಹಾಗೆ 'ಸಾಹಿಬಾ' ಎಂದು ಬದಲಿಸುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ದೇಸಗತಿ ಮನೆಗಳ 'ತಾಯಿಸಾಹೇಬ' ಕೂಡ ಇದೇ ಜಾಡಿನದು.

ಘಟ್ಟ ಇಳಿದು ಗೋವೆಗೆ ಬನ್ನಿ, ಪದದ ಮೈಯೇ ಬದಲು. ಎರಡು ಸ್ವರಗಳ ನಡುವಿನ 'ಹ'ಕಾರ ತೆಳುವಾದದ್ದು, ಬೇಗ ಉದುರುತ್ತದೆ. ಆ ತೆರಪಿನಲ್ಲಿ 'ಯ'ಕಾರ ಬಂದು ಕೂರುತ್ತದೆ. ಹಾಗೆ ಕೊಂಕಣಿಯಲ್ಲಿ 'ಸಾಯ್ಬ್', ತೆಲುಗಿನಲ್ಲಿ 'ಸಾಯೆಬು', ಮಲಯಾಳದಲ್ಲಿ 'ಸಾಯಿಪ್ಪ್'. ಮಲಯಾಳದ ಸಾಯಿಪ್ಪ್ ಬಿಳಿಯ ದೊರೆ. ಗೋವೆಯ ಸಾಯ್ಬ್ ದೇವರವರೆಗೂ ಏರಿದ್ದಾನೆ. ಕ್ರೈಸ್ತರು ಪ್ರಾರ್ಥನೆಯಲ್ಲಿ 'ಸಾಯ್ಬಾ' ಎಂದೇ ಮೊರೆಯಿಡುತ್ತಾರೆ. 1542ರಲ್ಲಿ ಗೋವೆಗೆ ಬಂದ, 1622ರಲ್ಲಿ ಸಂತ ಪದವಿ ಪಡೆದ ಫ್ರಾನ್ಸಿಸ್ ಕ್ಷೇವಿಯರ್ 'ಗೊಂಯ್ಚೊ ಸಾಯ್ಬ್', ಗೋವೆಯ ಒಡೆಯ. ಡಿಸೆಂಬರ್ 3ರ ಹಬ್ಬಕ್ಕೆ ಹಳೆ ಗೋವೆಗೆ ಹೋದವರಿಗೆ ಈ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಇನ್ನು ಮೇರಿಮಾತೆ 'ಸಾಯ್ಬಿಣ್'. ಅರಬ್ಬಿ ಪದಕ್ಕೆ ದೇಶೀ ಸ್ತ್ರೀಲಿಂಗ ಪ್ರತ್ಯಯ! ಕೇರಿಯಲ್ಲಿ ಮನೆಯಿಂದ ಮನೆಗೆ ಹೊತ್ತು ತರುವ ಆಕೆಯ ವಿಗ್ರಹಕ್ಕೂ ಅದೇ ಹೆಸರು. ಪಾರಸಿ ಬಲ್ಲ ಮುನ್ಶಿ ಕೇಳಿದ್ದರೆ ಹಣೆ ಗಟ್ಟಿಸಿಕೊಳ್ಳುತ್ತಿದ್ದನೇನೋ. ನನಗಂತೂ ಈ ಪದದ ಅವತಾರಗಳಲ್ಲಿ ಇದೇ ಅಚ್ಚುಮೆಚ್ಚು.

ಇದೇ 'ಹ'ಕಾರ ಉದುರಿ, 'ಯ' ಬಾರದೆ ಉಳಿದದ್ದು 'ಸಾಬ್'. ಹಿಂದಿಯಲ್ಲಿ ಅದು ಪೂರ್ತಿ ಗೌರವದ ಮಾತು. ಮುಂಬಯಿಯ ಟ್ಯಾಕ್ಸಿಯವರು, ಕಟ್ಟಡದ ಕಾವಲಿನವರು ದಿನವಿಡೀ ಹೇಳುವುದು ಅದನ್ನೇ. ಕನ್ನಡದಲ್ಲಿ 'ಸಾಬ' ಎಂದರೆ ಒಂದು ಸಮುದಾಯದವರನ್ನು ಹಗುರವಾಗಿ ಕರೆದಂತೆ. ಹಿಂದಿ ಬರಹ ಕನ್ನಡಿಸುವವರು ಆ ಅಕ್ಷರಗಳನ್ನು ಹಾಗೇ ಇಳಿಸಿದರೆ ವಿನಯದ ಮಾತು ಬೈಗುಳವಾಗಿ ಅಚ್ಚಾಗುತ್ತದೆ. ಅಂಥ ಕಡೆ 'ಸಾಹೇಬರೇ' ಎಂದೋ, ಪಟ್ಟಣದ ಮಾತಾದರೆ 'ಸಾರ್' ಎಂದೋ ಬರೆಯಬೇಕು.

ನಮಸ್ಕಾರ.