ಅಂಗಡಿಯ ರಸೀದಿಯಿಂದ ನಗರದ ಖಜಾನೆಗೆ

ಕೇಳುಗರಿಗೆ ನಮಸ್ಕಾರ. ಅಮೆರಿಕದ ನಗರಗಳು ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಗ್ರಂಥಾಲಯಗಳಿಗೆ ಹಣ ಹೊಂದಿಸುವುದರಲ್ಲಿ ಮಾರಾಟ ತೆರಿಗೆಯ ಪಾತ್ರ ದೊಡ್ಡದು. ಆ ದೇಶಕ್ಕೆಲ್ಲ ಒಂದೇ ಮಾರಾಟ ತೆರಿಗೆ ಅಂತ ಇಲ್ಲ. ರಾಜ್ಯ ತನ್ನ ದರ ಹಾಕುತ್ತದೆ. ಹಲವು ರಾಜ್ಯಗಳಲ್ಲಿ ನಗರಗಳೂ ಕೌಂಟಿಗಳೂ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಅದರ ಮೇಲೆ ತಮ್ಮ ಪಾಲು ಸೇರಿಸುತ್ತವೆ.

ಟೆಕ್ಸಾಸ್ ರಾಜ್ಯವನ್ನೇ ನೋಡಿ. ರಾಜ್ಯದ ದರ ಶೇ. 6.25. ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ಶೇ. 2ಕ್ಕಿಂತ ಹೆಚ್ಚು ಹಾಕುವಂತಿಲ್ಲ. 100 ಡಾಲರಿನ ಸಾಮಾನು ಕೊಂಡವರು ಹೆಚ್ಚೆಂದರೆ 8 ಡಾಲರ್ 25 ಸೆಂಟ್ ತೆರಿಗೆ ಕಟ್ಟುತ್ತಾರೆ. ಡಾಲಸ್‌ನಲ್ಲಿ ಸ್ಥಳೀಯ ಪಾಲಿನ 2 ಡಾಲರಿನಲ್ಲಿ ಒಂದು ನಗರದ ಸಾಮಾನ್ಯ ನಿಧಿಗೆ, ಇನ್ನೊಂದು ಬಸ್ಸು ಮತ್ತು ರೈಲು ಓಡಿಸುವ ಡಾರ್ಟ್ ಸಂಸ್ಥೆಗೆ. ಬೇರೆ ಊರಿಂದ ಕೆಲಸಕ್ಕೆ, ಪ್ರವಾಸಕ್ಕೆ ಬಂದವರೂ ಇದನ್ನು ಕಟ್ಟುತ್ತಾರೆ. ಅವರೂ ನಗರದ ರಸ್ತೆಗಳನ್ನು ಬಳಸುವವರೇ ಆದ್ದರಿಂದ ಅದರಲ್ಲಿ ನ್ಯಾಯವಿದೆ.

ಈ ಹಣ ನಗರಕ್ಕೆ ನೇರವಾಗಿ ಬರುವುದಿಲ್ಲ. ನವೆಂಬರಿನಲ್ಲಿ ಗ್ರಾಹಕರಿಂದ ಪಡೆದ ತೆರಿಗೆಯನ್ನು ತಿಂಗಳಿಗೊಮ್ಮೆ ಲೆಕ್ಕ ಕೊಡುವ ವ್ಯಾಪಾರಿ ಡಿಸೆಂಬರ್ 20ರೊಳಗೆ ರಾಜ್ಯಕ್ಕೆ ಕಟ್ಟಬೇಕು. ತೆರಿಗೆ ಸಂಗ್ರಹ ನೋಡಿಕೊಳ್ಳುವ ರಾಜ್ಯದ ಕಂಟ್ರೋಲರ್ ಕಚೇರಿ ಶೇ. 2ರಷ್ಟು ಸೇವಾ ಶುಲ್ಕ ಹಿಡಿದುಕೊಂಡು, ಉಳಿದದ್ದನ್ನು ಜನವರಿಯಲ್ಲಿ ನಗರಕ್ಕೆ ಕಳಿಸುತ್ತದೆ. ಅಂದರೆ ವ್ಯಾಪಾರ ಕುಸಿದದ್ದು ನಗರದ ಖಾತೆಯಲ್ಲಿ ಕಾಣುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಸಂಬಳ ಬಟವಾಡೆ ಆಗಿರುತ್ತದೆ.

ಇನ್ನೊಂದು ಪೆಟ್ಟು ಮರುಪಾವತಿಯದು. ತಾನು ಹೆಚ್ಚು ಕಟ್ಟಿದ್ದೇನೆಂದು ದೊಡ್ಡ ಕಂಪನಿಯೊಂದು ಸಾಬೀತು ಮಾಡಿದರೆ, ಹಿಂದೆ ನಗರಕ್ಕೆ ಹೋಗಿದ್ದ ಪಾಲನ್ನು ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳಲಾಗುತ್ತದೆ. ಒಂದೇ ಉಗ್ರಾಣವನ್ನೋ ಮಾಲನ್ನೋ ನಂಬಿದ ಸಣ್ಣ ಊರಿಗೆ ಇದು ತಡೆದುಕೊಳ್ಳಲಾಗದ ಹೊಡೆತ. ತಿಂಗಳಿಂದ ತಿಂಗಳಿಗೆ ವ್ಯಾಪಾರ ಏರಿಳಿಯುವುದರಿಂದ ಅನುಭವಿ ಹಣಕಾಸು ಅಧಿಕಾರಿಗಳು ಡಿಸೆಂಬರನ್ನು ನವೆಂಬರಿನ ಜೊತೆ ಹೋಲಿಸದೆ ಹಿಂದಿನ ವರ್ಷದ ಡಿಸೆಂಬರಿನ ಜೊತೆ ಹೋಲಿಸುತ್ತಾರೆ. ಆಡಿಟ್‌ನಿಂದ ಒಮ್ಮೆ ಮಾತ್ರ ಬಂದ ಮೊತ್ತ, ತಡವಾಗಿ ಕಟ್ಟಿದ ಬಾಕಿ, ಇವನ್ನು ತೆಗೆದ ಮೇಲೆ ಉಳಿಯುವ ಅಂಕಿಯೇ ಮುಂದಿನ ವರ್ಷದ ಅಂದಾಜಿಗೆ ಆಧಾರ.

ಆನ್‌ಲೈನ್ ಖರೀದಿ ಹೆಚ್ಚಿದಂತೆ ನಗರಗಳ ಕೈಯಿಂದ ಹಣ ಜಾರುತ್ತಿತ್ತು. 2018ರ ಜೂನ್ 21ರಂದು ಸೌತ್ ಡಕೋಟಾ ರಾಜ್ಯ ಮತ್ತು ಆನ್‌ಲೈನ್‌ನಲ್ಲಿ ಪೀಠೋಪಕರಣ ಮಾರುವ ವೇಫೇರ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ರಾಜ್ಯದೊಳಗೆ ಅಂಗಡಿ ಇಲ್ಲದ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಿಸಬಹುದು ಎಂದಿತು. ಆ ಸೋರಿಕೆ ಬಹುಮಟ್ಟಿಗೆ ನಿಂತಿತು. ಆದರೆ ಮಾರಾಟ ನಡೆದದ್ದು ಯಾವ ಊರಿನಲ್ಲಿ, ಉಗ್ರಾಣದಲ್ಲೋ ಗ್ರಾಹಕರ ಮನೆಬಾಗಿಲಲ್ಲೋ ಎಂಬ ಜಗಳ ಮುಗಿದಿಲ್ಲ. ಕಂಪನಿಯನ್ನು ಸೆಳೆಯಲು ತೆರಿಗೆಯ ಒಂದು ಭಾಗವನ್ನು ಅದಕ್ಕೇ ಹಿಂತಿರುಗಿಸುವ ಒಪ್ಪಂದಕ್ಕೆ ಕೆಲವು ನಗರಗಳು ಸಹಿ ಹಾಕುತ್ತವೆ. ಪಕ್ಕದೂರಿನ ಆದಾಯ ಕಿತ್ತುಕೊಂಡು ಕಂಪನಿಗೆ ಕೊಡುವ ಈ ಪೈಪೋಟಿಯಿಂದ ಆ ಪ್ರದೇಶದ ಜನರಿಗೆ ಒಟ್ಟಾರೆ ನಷ್ಟವೇ.

ಪಕ್ಕದ ಒಕ್ಲಹೋಮ ರಾಜ್ಯದ ಸ್ಥಿತಿ ಇನ್ನೂ ಬಿಗಿ. ಅಲ್ಲಿನ ನಗರಗಳು ಆಸ್ತಿ ತೆರಿಗೆಯನ್ನು ಸಾಮಾನ್ಯವಾಗಿ ದೈನಂದಿನ ಖರ್ಚಿಗೆ ಬಳಸುವಂತಿಲ್ಲ. ಪೊಲೀಸರ ಸಂಬಳಕ್ಕೂ ಮಾರಾಟ ತೆರಿಗೆಯೇ ಮುಖ್ಯ ಆಧಾರ. ಹಾಗಿದ್ದೂ ಒಕ್ಲಹೋಮ ಸಿಟಿ ಒಂದು ಒಳ್ಳೆಯ ದಾರಿ ತೋರಿಸಿತು. 1993ರ ಡಿಸೆಂಬರಿನಲ್ಲಿ ಡಾಲರಿಗೆ ಒಂದು ಸೆಂಟಿನ ಹೆಚ್ಚುವರಿ ತೆರಿಗೆಗೆ ಮತದಾರರು ಒಪ್ಪಿದರು. ಐದು ವರ್ಷ, ಆಮೇಲೆ ಆರು ತಿಂಗಳ ವಿಸ್ತರಣೆ, ಅಲ್ಲಿಗೆ ಮುಕ್ತಾಯ. ಕಾಲುವೆ, ಬೇಸ್‌ಬಾಲ್ ಮೈದಾನ, ಗ್ರಂಥಾಲಯ ಇವೆಲ್ಲ ಸಾಲವಿಲ್ಲದೆ ಮೇಲೆದ್ದವು. ಏರಿಳಿಯುವ ಆದಾಯಕ್ಕೆ ನಿಗದಿತ ಅವಧಿಯಲ್ಲಿ ಮುಗಿಯುವ ಇಂಥ ಕಟ್ಟಡ ಕೆಲಸಗಳು ಹೊಂದುತ್ತವೆ. ಬಿಡದೆ ಕೊಡಬೇಕಾದ ಸಂಬಳ, ಪಿಂಚಣಿಗಳನ್ನು ಅದೊಂದರ ಮೇಲೆಯೇ ನಿಲ್ಲಿಸಿದ ನಗರ, ಮಾರುಕಟ್ಟೆ ಬಿದ್ದ ವರ್ಷ ಹುದ್ದೆ ಕಡಿತ ಮಾಡಬೇಕಾಗುತ್ತದೆ. ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಮೀಸಲು ಇಡಿ ಎಂದು ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಹೇಳುವುದು ಈ ಕಾರಣಕ್ಕೇ.

ಈ ತೆರಿಗೆಯ ಭಾರ ಬಡವರ ಮೇಲೆ ಹೆಚ್ಚು, ಏಕೆಂದರೆ ಅವರ ಗಳಿಕೆಯ ಬಹುಪಾಲು ಖರೀದಿಗೇ ಹೋಗುತ್ತದೆ. ಟೆಕ್ಸಾಸ್‌ನಲ್ಲಿ ದಿನಸಿಗೆ ವಿನಾಯಿತಿ ಇದೆ. ಒಕ್ಲಹೋಮ ರಾಜ್ಯ 2024ರ ಆಗಸ್ಟ್‌ನಲ್ಲಿ ದಿನಸಿಯ ಮೇಲಿನ ತನ್ನ ಶೇ. 4.5ರ ತೆರಿಗೆ ಕೈಬಿಟ್ಟಿತು. ನಗರಗಳ ಮತ್ತು ಕೌಂಟಿಗಳ ಪಾಲು ಮಾತ್ರ ಹಾಗೇ ಉಳಿದಿದೆ. ಅದನ್ನೂ ತೆಗೆಯಬೇಕಾದರೆ ನಗರಗಳಿಗೆ ಬೇರೊಂದು ಸ್ಥಿರ ಆದಾಯದ ಮೂಲವನ್ನು ರಾಜ್ಯ ಮೊದಲು ತೆರೆದುಕೊಡಬೇಕು.